ತವನಪ್ಪನ ಬೂದಿ ಡಬ್ಬಿ

ಕಬ್ಬೂರಿನ ತವನಪ್ಪನಿಗೆ ಜಗತ್ತಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಕಬಡ್ಡಿ, ಎಲ್ಲಕ್ಕಿಂತ ಹೇಸಿಗೆಯಾದದ್ದು ಕಬಡ್ಡಿ ಆಡುವವರು. ಈ ಎರಡರ ನಡುವೆ ಆ ಮನುಷ್ಯ ಐವತ್ತು ವರ್ಷ ಹೇಗೆ ಕಳೆದ ಎಂಬುದು ಅವನ ಹೆಂಡತಿ ಲಕ್ಷ್ಮಿಬಾಯಿಗೂ ಬಗೆಹರಿದಿರಲಿಲ್ಲ. "ಕಬಡ್ಡಿ ಅನ್ನೂದು ನಿಮಗ ಬಾಯಾಗಿನ ಬಿಸಿ ತುಪ್ಪ ಆಗೇತಿ ನೋಡ್ರಿ, ನುಂಗಾಕೂ ಬರಂಗಿಲ್ಲ, ಉಗುಳಾಕೂ ಬರಂಗಿಲ್ಲ," ಎಂದು ಆಕೆ ನಗುತ್ತಿದ್ದಳು. ಉಗುಳುವ ಮಾತು ಕಿವಿಗೆ ಬಿದ್ದರೆ ಸಾಕು, ತವನಪ್ಪನ ಮುಖ ಹುಳಿ ಮಜ್ಜಿಗೆ ಕುಡಿದಂತಾಗುತ್ತಿತ್ತು.

ಹುಡುಗನಾಗಿದ್ದಾಗ ಅವನೂ ಆಡಲು ಹೋಗಿದ್ದ, ಒಂದೇ ಒಂದು ದಿನ. ದಾಳಿ ಬಂದವನ ಕಾಲು ಹಿಡಿದ. ಮೇಲೆ ನಾಲ್ಕು ಮಂದಿ ಬಿದ್ದರು. ಯಾರದೋ ಕಂಕುಳು ಅವನ ಮೂಗಿನ ಮೇಲೆ ಕೂತಿತು, ಯಾರದೋ ಜೊಲ್ಲು ಅವನ ಕಿವಿಯೊಳಗೆ ಇಳಿಯಿತು. ಮನೆಗೆ ಬಂದು ಮೂರು ಕೊಡ ನೀರು ಸುರಿದುಕೊಂಡರೂ ರಾತ್ರಿಯ ತನಕ ಕಿವಿ ಒರೆಸುತ್ತಲೇ ಇದ್ದ. ಮರುದಿನದಿಂದ ಗೆರೆಯ ಹೊರಗೆ ನಿಂತ. ನಿಂತು ನಿಂತು ಆಟದ ಕಾನೂನೆಲ್ಲ ಬಾಯಿಪಾಠವಾಗಿ, ಕೊನೆಗೆ ಊರಿನ ಪಂಚನಾದ. ಆಟ ನೋಡಿ ತೀರ್ಪು ಹೇಳುವವನನ್ನು ಆ ಕಡೆ ಪಂಚ ಎನ್ನುತ್ತಾರೆ. ಯಾರನ್ನೂ ಮುಟ್ಟದೆ ಆಟದೊಳಗಿರಲು ಅದೊಂದೇ ದಾರಿಯಿತ್ತು.

ಆಟ ನಡೆಯುತ್ತಿದ್ದದ್ದು ಅವನದೇ ಕಣದಲ್ಲಿ. ಜೋಳ ಒಕ್ಕಿ ರಾಶಿ ಮನೆ ಸೇರಿದ ಮೇಲೆ, ಜೂನಿನಲ್ಲಿ ಮಿರಗದ ಮಳೆ ಬರುವ ತನಕ ಕಣ ಖಾಲಿ. ಸೆಗಣಿ ಬಳಿದು ಗಟ್ಟಿ ಮಾಡಿದ ನೆಲ, ಹುಡುಕಿದರೂ ಒಂದು ಹರಳು ಸಿಗುತ್ತಿರಲಿಲ್ಲ. ರಾಶಿ ಹಾಕುವ ಜಾಗವೆಂದು ಯಾರೂ ಅಲ್ಲಿಗೆ ಚಪ್ಪಲಿ ಮೆಟ್ಟಿ ಹತ್ತುವುದಿಲ್ಲ. ಊರ ತರುಣರೂ ಚಪ್ಪಲಿ ಹೊರಗೆ ಬಿಟ್ಟು, ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು, ಬಹಳ ಭಕ್ತಿಯಿಂದಲೇ ಒಳಗೆ ಬರುತ್ತಿದ್ದರು. ಬಂದ ಎರಡನೇ ನಿಮಿಷಕ್ಕೆ ಅದೇ ನೆಲದ ಮೇಲೆ ಖ್ಯಾಕ್ ಎಂದು ಉಗುಳುತ್ತಿದ್ದರು.

ಉಗುಳುವುದೊಂದೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಒಬ್ಬ ಹೆಬ್ಬೆರಳಿನಿಂದ ಒಂದು ಹೊಳ್ಳೆ ಒತ್ತಿ ಇನ್ನೊಂದು ಹೊಳ್ಳೆಯಿಂದ ಸಿಂಬಳ ಹಾರಿಸಿ, ಆ ಕೈಯನ್ನು ಪಕ್ಕದವನ ಬೆನ್ನಿಗೆ ಒರೆಸುತ್ತಿದ್ದ. ಪಕ್ಕದವನು ಅದನ್ನು ಶಾಬಾಸ್ ಎಂದು ತಿಳಿಯುತ್ತಿದ್ದ. ಒಬ್ಬ ಅಂಗೈಗೆ ಉಗುಳಿ, ಮಣ್ಣು ತಿಕ್ಕಿ, ಹಿಡಿತ ಬಂತೋ ಇಲ್ಲವೋ ಎಂದು ಮೂಸಿ ನೋಡುತ್ತಿದ್ದ. ಇನ್ನೊಬ್ಬ ಗೆದ್ದ ಚಡ್ಡಿಯನ್ನು ಸೋಲುವ ತನಕ ಒಗೆಯುತ್ತಿರಲಿಲ್ಲ, ಒಂದು ವರ್ಷ ದೇವರು ಅವನಿಗೆ ಸತತವಾಗಿ ಏಳು ಪಂದ್ಯ ಗೆಲ್ಲಿಸಿದ. ಮತ್ತೊಬ್ಬ ದಾಳಿಗೆ ಹೋಗುವ ಮುಂಚೆ ನಡುಗೆರೆ ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದ. ಆ ಗೆರೆಯ ಮೇಲೆ ಹದಿನಾಲ್ಕು ಮಂದಿಯ ಬಾಯಿಯದ್ದು ಬಿದ್ದಿರುತ್ತಿತ್ತು. ಅದನ್ನು ಕಂಡ ದಿನ ತವನಪ್ಪನಿಗೆ ಜೈನರ ರೂಢಿಯಂತೆ ಹೊತ್ತು ಮುಳುಗುವ ಮುಂಚೆ ಮಾಡುವ ಊಟ ಸೇರುತ್ತಿರಲಿಲ್ಲ.

ಅವನ ಅವ್ವ ಜಿನಮತಿ ಬದುಕಿದ್ದಾಗ ಒಂದು ಮಾತು ಹೇಳಿದ್ದಳು. ಕಫ ಬಿದ್ದು ಎರಡು ಗಳಿಗೆ ಕಳೆಯುವುದರೊಳಗೆ ಅದರಲ್ಲಿ ಕಣ್ಣಿಗೆ ಕಾಣದ ಜೀವ ಹುಟ್ಟುತ್ತವೆ, ಆಮೇಲೆ ತುಳಿದರೆ ಹಿಂಸೆಯ ಪಾಪ. ಒಣ ಬೂದಿ ಮುಚ್ಚಿದರೆ ಹುಟ್ಟುವುದಿಲ್ಲ. ಹಾಗಾಗಿ ತವನಪ್ಪ ಡಾಲ್ಡಾ ಡಬ್ಬಿಯ ತುಂಬ ಒಲೆಯ ಬೂದಿ ಹಿಡಿದು ಕಣಕ್ಕೆ ಬರತೊಡಗಿದ. ಒಂದು ಕೈಯಲ್ಲಿ ಸೀಟಿ, ಇನ್ನೊಂದರಲ್ಲಿ ಡಬ್ಬಿ. ಯಾರು ಎಲ್ಲಿ ಉಗುಳಿದರೂ ಆಟ ನಿಲ್ಲಿಸಿ, ಹೋಗಿ, ಬಗ್ಗಿ, ನೋಡಿ, ಒಂದು ಚಿಟಿಕೆ ಬೂದಿ ಹಾಕುತ್ತಿದ್ದ. ಊರು ಅವನಿಗೆ ಬೂದಿ ತವನಪ್ಪ ಎಂದು ಹೆಸರಿಟ್ಟಿತು. ಬೂದಿ ಹಾಕಬೇಕಾದರೆ ಮೊದಲು ನೋಡಬೇಕಲ್ಲ? ಹೀಗೆ ಊರಿನಲ್ಲಿ ಉಗುಳಿಗೆ ಹೇಸುವ ಒಬ್ಬನೇ ಮನುಷ್ಯ ಎಲ್ಲರಿಗಿಂತ ಹೆಚ್ಚು ಉಗುಳು ನೋಡಿದವನಾದ. ಇದು ಎಲೆಯಡಿಕೆ, ಇದು ನಿಪ್ಪಾಣಿ ತಂಬಾಕು, ಇದು ಕಬ್ಬು ತಿಂದು ಬಂದವನದು ಎಂದು ನಿಂತಲ್ಲೇ ಹೇಳುತ್ತಿದ್ದ.

ಯಾಕೆ ಉಗುಳುತ್ತಾರೆ ಎಂದು ಒಮ್ಮೆ ಸಾಲೆಯ ಡ್ರಿಲ್ ಮಾಸ್ತರ ರಾಜಾರಾಮನನ್ನು ಕೇಳಿದ. "ಓಡಿದಾಗ ಬಾಯಿಲೆ ಉಸಿರಾಡತಾರ್ರಿ. ಬಾಯಿ ಒಣಗಿ ಜೊಲ್ಲು ಅಂಟಾಗತೈತಿ. ಅದನ್ನ ನುಂಗಾಕ ಆಗಂಗಿಲ್ಲ, ಉಗುಳತಾರ," ಎಂದ ಮಾಸ್ತರ.

"ಹಂಗಾದ್ರ ನನ್ನ ಎತ್ತು ದಿನಾ ಹೊಲ ಹೊಡಿತಾವ. ಅವು ಯಾಕ ಉಗುಳಂಗಿಲ್ಲ?"

ತವನಪ್ಪನ ಲೆಕ್ಕದಲ್ಲಿ ಅರ್ಧ ಮಂದಿ ಬಾಯಿ ಅಂಟಾಗಿ ಉಗುಳಿದರೆ, ಇನ್ನರ್ಧ ಮಂದಿ ಟಗರು ಕಾಲು ಕೆರೆದಂತೆ ಎದುರಿನವರನ್ನು ಹೆದರಿಸಲು ಉಗುಳುತ್ತಿದ್ದರು. ಈ ಎರಡೂ ಕಾರಣಕ್ಕೆ ಎಲ್ಲರಿಗಿಂತ ಹೆಚ್ಚು ಉಗುಳುತ್ತಿದ್ದವನು ಕಾಮಣ್ಣ.

ಕಾಮಣ್ಣ ಕುರಿ ಕಾಯುವ ಮಲಕವ್ವನ ಒಬ್ಬನೇ ಮಗ. ಇಪ್ಪತ್ತೆರಡು ವರ್ಷ, ಉದ್ದ ಕಾಲು. ಬ್ಯಾಸಿಗೆಯಲ್ಲಿ ಗೊಬ್ಬರಕ್ಕೆಂದು ಅವರ ಹಿಂಡು ತವನಪ್ಪನ ಹೊಲದಲ್ಲಿ ತಂಗುತ್ತಿತ್ತು. ಕಾಮಣ್ಣನ ಅಪ್ಪ ಇವನು ಸಣ್ಣವನಿದ್ದಾಗಲೇ ಕೆಮ್ಮಿ ಕೆಮ್ಮಿ ಸತ್ತಿದ್ದ. ಆ ರೋಗದ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಕಾಮಣ್ಣ ದಾಳಿಗೆ ಹೋದರೆ ಇಬ್ಬರನ್ನು ಮುಟ್ಟದೆ ಮರಳುತ್ತಿರಲಿಲ್ಲ. ತವನಪ್ಪ ತಾನು ಆಡಬೇಕೆಂದು ಕನಸು ಕಂಡಿದ್ದ ಆಟವನ್ನು ಅವನು ಆಡುತ್ತಿದ್ದ. ಆದರೆ ಹೋಗುವಾಗೊಮ್ಮೆ ಉಗುಳು, ಬರುವಾಗೊಮ್ಮೆ ಉಗುಳು. ಹೊಟ್ಟೆಯುರಿ ಮತ್ತು ಹೇಸಿಗೆ ಎರಡೂ ಕೂಡಿ ತವನಪ್ಪನಿಗೆ ಆ ಹುಡುಗನ ಮೇಲೆ ಒಂದು ಬಗೆಯ ಹಟ ಹುಟ್ಟಿತು. ಇವನೊಬ್ಬನ ಬಾಯಿ ಮುಚ್ಚಿಸಿದರೆ ತನ್ನ ಜನ್ಮ ಸಾರ್ಥಕ ಎಂದುಕೊಂಡ.

ಎಂಬತ್ತೇಳರ ಯುಗಾದಿಯ ದಿನ ಹೊಸ ಕಾನೂನು ಸಾರಿದ. ಕಣದಲ್ಲಿ ಉಗುಳಿದವನ ಎದುರು ತಂಡಕ್ಕೆ ಒಂದು ಅಂಕ. ಮೊದಲ ದಿನ ಕಾಮಣ್ಣ ಒಬ್ಬನೇ ಒಂಬತ್ತು ಅಂಕ ಕಳೆದ. ಜೊತೆಯವರು ಬೈದರು. ಎರಡನೇ ದಿನ ಐದು. ಎಂಟನೇ ದಿನಕ್ಕೆ ಒಂದೂ ಇಲ್ಲ. ಆಮೇಲೆ ಅವನು ಉಗುಳಲೇ ಇಲ್ಲ. ಬಾಯಿಗೆ ಬಂದದ್ದನ್ನು ತುಟಿ ಬಿಗಿಹಿಡಿದು ಕಣ್ಣು ಮುಚ್ಚಿ ನುಂಗುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ತಾನು ಬೂದಿಯಿಂದಲೇ ಹೋಗಲಾಡಿಸಿದೆ ಎಂದು ತವನಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ. "ಕಾಮಣ್ಣನ್ನ ನೋಡಿ ಕಲೀರಿ, ಹೇಸಿಗಳ್ರಾ," ಎಂದು ಉಳಿದವರಿಗೆ ಬೈದ. ದಿನಾ ಸಂಜೆ ಅವನಿಗೊಂದು ಲೋಟ ಹಾಲು ಕೊಡಿಸಿದ.

"ಹಾಲ ಕುಡದ್ರೂ ಹುಡುಗ ಸೊರಗ್ಯಾನಲ್ರಿ," ಎಂದಳು ಲಕ್ಷ್ಮಿಬಾಯಿ ಒಂದು ದಿನ.

"ಅದು ಆಟದ ಮೈ. ನಿನಗ ತಿಳಿಯಂಗಿಲ್ಲ," ಎಂದ ತವನಪ್ಪ.

ಮೇ ಕೊನೆಗೆ ರಾಯಬಾಗದಲ್ಲಿ ಪಂದ್ಯಾವಳಿ. ಕಬ್ಬೂರಿನ ತಂಡ ಫೈನಲ್‌ಗೆ ಬಂತು. ತವನಪ್ಪ ಊರ ಹಿರಿಯನೆಂದು ಗೆರೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಸುತ್ತಲೂ ಉಗುಳೋ ಉಗುಳು. ಆ ನೆಲ ಅವನದಲ್ಲವಾದ್ದರಿಂದ ಕಾಲು ಮೇಲೆತ್ತಿ ಕೂತಿದ್ದ. ಹದಿನಾಲ್ಕು ಮಂದಿಯಲ್ಲಿ ಒಬ್ಬನೇ ಒಬ್ಬ ಉಗುಳುತ್ತಿರಲಿಲ್ಲ. ಪಕ್ಕದವರಿಗೆ ಅವನನ್ನು ತೋರಿಸಿ, ಅಂವಾ ನಮ್ಮ ಹುಡುಗ ಎಂದು ಎರಡು ಸಲ ಹೇಳಿದ.

ದ್ವಿತೀಯಾರ್ಧದಲ್ಲಿ ಕಾಮಣ್ಣ ದಾಳಿಗೆ ಹೋದ. ಸೊಂಟ ಹಿಡಿದರು, ಐದು ಮಂದಿ ಮೇಲೆ ಬಿದ್ದರು. ಎಲ್ಲರೂ ಎದ್ದ ಮೇಲೆ ಅವನು ಮೊಣಕಾಲೂರಿ ಕೆಮ್ಮಿದ. ಸುಣ್ಣದ ಬಿಳಿ ಗೆರೆಯ ಮೇಲೆ ಕೆಂಪಗೆ ಬಿತ್ತು.

"ತುಟಿ ಒಡದೈತಿ, ನೀರ ತರ್ರಿ," ಎಂದರು ಯಾರೋ. ತವನಪ್ಪ ಕುರ್ಚಿಯಿಂದೆದ್ದು ಬಂದು ಬಗ್ಗಿ ನೋಡಿದ. ನೊರೆ ಕೂಡಿದ ಕೆಂಪು. ಇಷ್ಟು ವರ್ಷ ಉಗುಳು ನೋಡಿದ ಕಣ್ಣಿಗೆ ಅದು ತುಟಿಯದು ಎನ್ನಿಸಲಿಲ್ಲ. ಹುಡುಗನ ಗದ್ದ ಹಿಡಿದು, ತನ್ನ ಬೆರಳನ್ನೇ ಅವನ ಬಾಯಿಯೊಳಗೆ ಹಾಕಿದ. ಬೆವರು ತಾಕಿದರೆ ಸ್ನಾನ ಮಾಡುವ ಮನುಷ್ಯ ಒಸಡು ಒತ್ತಿದ, ನಾಲಿಗೆ ಎತ್ತಿದ, ತುಟಿ ಮಗುಚಿದ. ಜೊಲ್ಲು ಬೆರಳಿನಿಂದ ಮಣಿಕಟ್ಟಿಗೆ ಇಳಿಯಿತು. ಬಾಯಿಯೊಳಗೆ ಎಲ್ಲೂ ಗಾಯವಿರಲಿಲ್ಲ.

"ಎಷ್ಟ ದಿನಾ ಆತೋ?" ಎಂದು ಸಣ್ಣ ದನಿಯಲ್ಲಿ ಕೇಳಿದ.

"ಯುಗಾದಿ ಆದ ಮ್ಯಾಲಿಂದ ಕಾಕಾ."

"ನನಗ್ಯಾಕ ಕಾಣಲಿಲ್ಲೋ?"

"ಉಗುಳಿದ್ರ ನೀವು ಬಗ್ಗಿ ನೋಡತಿದ್ರಿ. ನೋಡಿದ್ರ ಕಣದಾಗ ಕಾಲ ಇಡಾಕ ಬಿಡತಿರಲಿಲ್ಲ. ಅದಕ್ಕ ನುಂಗತಿದ್ದೆ."

ತವನಪ್ಪ ಬೆರಳು ಒರೆಸಿಕೊಳ್ಳುವುದನ್ನು ಮರೆತ. ಎರಡು ತಿಂಗಳು ಈ ಹುಡುಗ ತನ್ನ ಕಣ್ಣ ಮುಂದೆ ರಕ್ತ ನುಂಗಿದ್ದ, ತಾನು ಅದಕ್ಕೆ ಶಾಬಾಸ್ ಹೇಳಿ ಹಾಲು ಕುಡಿಸಿದ್ದ. ಆವತ್ತು ತವನಪ್ಪನಿಗೆ ತನ್ನ ಮೇಲೆ ಬಂದಷ್ಟು ಹೇಸಿಗೆ ಯಾರ ಉಗುಳಿನ ಮೇಲೂ ಬಂದಿರಲಿಲ್ಲ. ಕಬ್ಬೂರು ಎರಡು ಅಂಕದಿಂದ ಸೋತಿತು. ಅದು ಅವನಿಗೆ ಬಸ್ಸಿನಲ್ಲಿ ಯಾರೋ ಹೇಳಿದ ಮೇಲೆ ಗೊತ್ತಾಯಿತು.

ಮರುದಿನ ಇಬ್ಬರೂ ಚಿಕ್ಕೋಡಿಯ ದವಾಖಾನೆಗೆ ಹೋದರು. ಕಫ ಪರೀಕ್ಷೆ ಮಾಡುವವನು ಒಂದು ಸಣ್ಣ ಡಬ್ಬಿ ಕೊಟ್ಟ. ಕಾಮಣ್ಣ ಗೋಡೆಯ ಕಡೆ ತಿರುಗಿ ಕೆಮ್ಮಿ ಮರಳಿ ತಂದ. ಪರೀಕ್ಷೆಯವನು ಮುಚ್ಚಳ ತೆಗೆದು ನೋಡಿ, "ಇದು ಬರೇ ಜೊಲ್ಲು. ಇದರಾಗ ಏನೂ ಕಾಣಂಗಿಲ್ಲ. ನಾಳೆ ಮುಂಜಾನೆ ಎದ್ದ ಕೂಡ್ಲೆ ಎದಿ ಒಳಗಿಂದ ಕೆಮ್ಮಿ ತಗೀಬೇಕು. ರೋಗ ಸಿಕ್ರ ಔಷಧ ಐತಿ, ವಾಸಿ ಆಗತೈತಿ. ಸಿಗಲಿಲ್ಲಂದ್ರ ನಾವೇನ ಕೊಡೂದು?" ಎಂದು ಇನ್ನೊಂದು ಡಬ್ಬಿ ಕೊಟ್ಟು ಕಳಿಸಿದ.

ನಸುಕಿನಲ್ಲಿ ಕಾಮಣ್ಣ ಕುರಿ ಹಟ್ಟಿಯಿಂದ ನೆಟ್ಟಗೆ ಕಣಕ್ಕೆ ಬಂದ, ಅವ್ವನ ಎದುರು ಕೆಮ್ಮಲು ಮನಸ್ಸಾಗಿರಲಿಲ್ಲ. ತವನಪ್ಪ ದವಾಖಾನೆಯ ಡಬ್ಬಿ ಹಿಡಿದು ಕಾಯುತ್ತಿದ್ದ. ಕಾಮಣ್ಣ ಚಪ್ಪಲಿ ಹೊರಗೆ ಬಿಟ್ಟು, ನೆಲ ಮುಟ್ಟಿ, ಒಳಗೆ ಬಂದ. ಕೆಮ್ಮಿದ. ಕಫ ಗಂಟಲಿನ ತನಕ ಬಂದದ್ದು ಕೇಳಿಸಿತು. ತುಟಿ ಬಿಗಿಯಿತು, ಕಣ್ಣು ಮುಚ್ಚಿತು, ನುಂಗಿಬಿಟ್ಟ. ಮತ್ತೆ ಕೆಮ್ಮಿದ, ಮತ್ತೆ ನುಂಗಿದ. ಮೂರನೇ ಸಲಕ್ಕೆ ಅವನ ಕಣ್ಣಲ್ಲಿ ನೀರು ಬಂತು.

"ಬರವಲ್ದು ಕಾಕಾ. ನಿಮ್ಮ ಮುಂದ, ಈ ಕಣದಾಗ, ಬಾಯಿ ತೆರಿಯವಲ್ದು."

ಆ ಬಾಯಿಯನ್ನು ಮುಚ್ಚಿಸಿದವನು ತಾನೇ. ಇವತ್ತು ಅದು ತೆರೆಯದಿದ್ದರೆ ಹುಡುಗ ಅಪ್ಪನ ದಾರಿ ಹಿಡಿಯುತ್ತಾನೆ. ತವನಪ್ಪ ಗಂಟಲು ಕೆರೆದು, ಎಷ್ಟೋ ವರ್ಷ ಕೇಳಿ ಕೇಳಿ ಹೇಸಿದ್ದ ಆ ದನಿಯನ್ನು ತಾನೇ ತೆಗೆದು, ರಾಶಿ ಹಾಕುವ ಕಣದ ನಟ್ಟನಡುವೆ ಖ್ಯಾಕ್ ಎಂದು ಉಗುಳಿದ. ಬಹಳ ಕೆಟ್ಟದಾಗಿ ಉಗುಳಿದ. ಅಭ್ಯಾಸವಿಲ್ಲದ್ದರಿಂದ ಅರ್ಧ ಅವನ ಧೋತರದ ಮೇಲೇ ಬಿತ್ತು.

ಕಾಮಣ್ಣ ಬಾಯಿ ಬಿಟ್ಟು ನೋಡಿದ. ನಗು ಬಂತು, ನಗುವಿನ ಬೆನ್ನಿಗೆ ಎದೆಯ ತಳದಿಂದ ಕೆಮ್ಮು ಬಂತು. ತವನಪ್ಪ ಡಬ್ಬಿಯನ್ನು ಅವನ ಗದ್ದದ ಕೆಳಗೆ ಹಿಡಿದು, "ಉಗುಳು, ನನ್ನಪ್ಪಾ," ಎಂದ.

ಚಿಕ್ಕೋಡಿಯ ಬಸ್ಸಿನಲ್ಲಿ ತವನಪ್ಪ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟು, ಎರಡೂ ಕೈಯಿಂದ ಹಿಡಿದುಕೊಂಡು ಕೂತ. ಒಳಗಿನದು ಇನ್ನೂ ಬೆಚ್ಚಗಿದ್ದದ್ದು ಅಂಗೈಗೆ ತಿಳಿಯುತ್ತಿತ್ತು. ದಾರಿಯುದ್ದಕ್ಕೂ ಅವನಿಗೆ ವಾಕರಿಕೆ ಬಂತು, ಡಬ್ಬಿ ಮಾತ್ರ ಅಲುಗಲಿಲ್ಲ. ಅದರಲ್ಲಿ ರೋಗ ಸಿಕ್ಕಿತು. ಒಂದೂವರೆ ವರ್ಷ ಇಂಜೆಕ್ಷನ್, ಗುಳಿಗೆ. ಒಂದು ದಿನವೂ ತಪ್ಪದಂತೆ ತವನಪ್ಪ ಹಟ್ಟಿಗೆ ಹೋಗಿ ಗುಳಿಗೆ ನುಂಗಿಸಿ, ಮನೆಗೆ ಬಂದು ಸ್ನಾನ ಮಾಡುತ್ತಿದ್ದ. ಕಾಮಣ್ಣ ಬದುಕಿದ, ಆದರೆ ಮತ್ತೆ ದಾಳಿಗೆ ಹೋಗಲಿಲ್ಲ.

ಮುಂದಿನ ಬ್ಯಾಸಿಗೆಯಲ್ಲಿ ರಾಶಿ ಎದ್ದ ಮೇಲೆ ತರುಣರು ಕಣಕ್ಕೆ ಬಂದರು. ಹಳೆಯ ಕಾನೂನು ನೆನಪಿದ್ದು, ಬಾಯಿ ಬಿಗಿಹಿಡಿದು ನಿಂತಿದ್ದರು. ತವನಪ್ಪ ಡಬ್ಬಿಯಲ್ಲಿ ಹೊಸ ಬೂದಿ ತುಂಬಿಕೊಂಡು ಬಂದಿದ್ದ. ಮುಖ ಎಂದಿನಂತೆ ಹುಳಿಹುಳಿಯಾಗಿತ್ತು.

"ಉಗುಳ್ರಲೇ, ಹೇಸಿಗಳ್ರಾ," ಎಂದ. "ಆದ್ರ ನನ್ನ ಮುಂದ ಉಗುಳ್ರಿ. ನಾ ನೋಡಬೇಕು."