ಕೂದಲೆಳೆ ಮಾವನ ಹಿಂಚಕ್ರ

ತಲೆಯ ಮೇಲೆ ಒಂದೇ ಒಂದು ಕೂದಲಿಲ್ಲದ ಮನುಷ್ಯನಿಗೆ ಬೀದಿಯವರು ಕೂದಲೆಳೆ ಎಂದು ಹೆಸರಿಟ್ಟಿದ್ದರು. ಕಾರ್ಖಾನೆಯ ಟೂಲ್ ರೂಮಿನಲ್ಲಿ ಫಿಟ್ಟರ್ ಆಗಿದ್ದಾಗಲೂ, ನಿವೃತ್ತಿಯಾದ ಮೇಲೂ, "ಒಂದು ಕೂದಲೆಳೆಯಷ್ಟೂ ಆಚೀಚೆ ಆಗಬಾರದು" ಎನ್ನುವುದು ಅವರ ಬಾಯಿಪಾಠ. ಗೋಡೆಗೆ ಮೊಳೆ ಹೊಡೆಯುವವರಿಗೂ ಅದನ್ನೇ ಹೇಳುತ್ತಿದ್ದರು, ಈರುಳ್ಳಿ ಹೆಚ್ಚುವ ಹೆಂಡತಿಗೂ ಅದನ್ನೇ. "ನಿಮ್ಮ ತಲೇಲಿ ಇಲ್ಲದ್ದನ್ನ ನನ್ನ ಅಡುಗೆಮನೇಲಿ ಯಾಕೆ ಹುಡುಕ್ತೀರಿ?" ಎಂದು ಆಕೆ ಕೇಳಿದರೆ ನಗುತ್ತಿದ್ದರು.

ಅವರು ಗಿಡ್ಡ ಆಳು. ಅಂಗಡಿಯಲ್ಲಿ ಸಿಗುವ ಮೋಟಾರ್‌ಬೈಕುಗಳ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ದುಡಿಯುವ ದಿನಗಳಲ್ಲೆಲ್ಲ ಸೈಕಲ್ಲಿನಲ್ಲೇ ಓಡಾಡಿದವರು, ಕೆಲಸ ಬಿಟ್ಟ ಮೇಲೆ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ತಮ್ಮ ಅಳತೆಯದೇ ಒಂದು ಬೈಕು ಕಟ್ಟಲು ಕೂತರು. ಗುಜರಿಯಿಂದ ಎಂಜಿನ್ ತಂದರು. ಚೌಕಟ್ಟಿನ ಕೊಳವೆಗಳನ್ನು ತಾವೇ ಬಗ್ಗಿಸಿದರು. ಹಿಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿಡುವ ಉದ್ದನೆಯ ತೋಳುಗಳನ್ನು ಉಕ್ಕಿನ ಹಲಗೆಯಿಂದ ಕತ್ತರಿಸಿ, ಅರ ಹಾಕಿ, ನುಣುಪು ಮಾಡಿದರು. ನಡುವೆ ಒಂದಿಷ್ಟು ತಿಂಗಳು ಕೆಲಸ ನಿಂತಿತು. ಯಾಕೆ ಎಂದು ಕೇಳಿದವರಿಗೆ "ಚಳಿ" ಎಂದರು. ಬೇಸಿಗೆ ಬಂದಾಗ ಕೇಳಿದವರಿಗೆ ಉತ್ತರವನ್ನೇ ಕೊಡಲಿಲ್ಲ.

ಸೊಸೆ ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಪಕ್ಕ ಯಂತ್ರ, ಗೋಡೆಗೆ ಆನಿಸಿ ಇಸ್ತ್ರಿ ಮೇಜು, ಬಾಗಿಲ ಹಿಂದೆ ಅರ್ಧಕ್ಕೆ ನಿಂತ ಕೋಟುಗಳು. ಗಂಡ ಬಸ್ಸಿನ ಚಾಲಕ, ಮನೆಗೆ ಬಂದರೆ ಗಾಲಿಯ ಸುದ್ದಿಯೇ ಬೇಡ ಎನ್ನುವವನು. ಹಾಗಾಗಿ ಶೆಡ್ಡಿನ ಸದ್ದುಗಳನ್ನು ಹಗಲೆಲ್ಲ ಕೇಳುತ್ತಿದ್ದವರು ಅತ್ತೆ ಸೊಸೆ ಇಬ್ಬರೇ. ಅರದ ಸದ್ದು, ಸುತ್ತಿಗೆಯ ಸದ್ದು ಸೊಸೆಗೆ ಅಭ್ಯಾಸವಾಗಿತ್ತು. ಒಂದು ಬೆಳಿಗ್ಗೆ ಮಾತ್ರ ಬೇರೆ ಸದ್ದು ಕೇಳಿತು. ಏನೋ ಒಂದು ಸಣ್ಣ ಲೋಹ ಸಿಮೆಂಟಿನ ಮೇಲೆ ಬಿದ್ದು ಉರುಳುವುದು, ಸ್ವಲ್ಪ ಹೊತ್ತು ಮೌನ, ಮತ್ತೆ ಬೀಳುವುದು. ಅವಳು ಕತ್ತರಿ ಕೆಳಗಿಟ್ಟು ಎದ್ದು ಹೋದಳು.

ಮಾವ ಮಂಡಿಯೂರಿ ಕೂತಿದ್ದರು. ಬೈಕು ಮರದ ದಿಮ್ಮಿಯ ಮೇಲೆ ನಿಂತಿತ್ತು, ಹಿಂದಿನ ಚಕ್ರ ತೋಳುಗಳ ನಡುವೆ ಇತ್ತು. ಅದರ ಮೂಲಕ ಅಚ್ಚನ್ನು, ಚಕ್ರ ತಿರುಗುವ ಉಕ್ಕಿನ ದಂಡವನ್ನು, ತೂರಿಸಬೇಕು. ತೂರಿಸುವಾಗ ಚಕ್ರಕ್ಕೂ ತೋಳಿಗೂ ನಡುವೆ ಒಂದು ಉಕ್ಕಿನ ಬಳೆಯನ್ನು ಹಿಡಿದಿರಬೇಕು. ಬೀಳುತ್ತಿದ್ದದ್ದು ಆ ಬಳೆ. ಅವರ ಬಲಗೈ, ಗಾಳಿಗೆ ಸಿಕ್ಕ ಎಲೆಯ ಹಾಗೆ, ಅದನ್ನು ಆ ಸಂದಿಗೆ ಮುಟ್ಟಿಸುವಷ್ಟರಲ್ಲಿ ಅದುರಿಬಿಡುತ್ತಿತ್ತು.

"ಬಳೆ ನಾನು ಹಿಡ್ಕೋತೀನಿ ಮಾವ."

"ಗ್ರೀಸು ಇದೆ. ಆಮೇಲೆ ಗಿರಾಕಿಗಳ ಬಟ್ಟೆಗೆಲ್ಲ ಬಳೀತೀಯ."

"ಕೈ ತೊಳೆಯೋದು ನನಗೂ ಬರುತ್ತೆ."

ಅವರು ಗೊಣಗಿಕೊಂಡೇ ಸರಿದು ಜಾಗ ಕೊಟ್ಟರು. ಆಮೇಲೆ ಅವಳ ಪಾಡು ನೋಡಬೇಕಿತ್ತು. ಟೂಲ್ ರೂಮಿನಲ್ಲಿ ಕೈಕೆಳಗಿನವರನ್ನು ಬೈದ ಬೈಗುಳವೆಲ್ಲ ಅವಳ ಪಾಲಿಗೆ ಬಂತು. "ಅಚ್ಚಿಗೆ ಇನ್ನೂ ಗ್ರೀಸು ಹಚ್ಚು, ಜಿಪುಣತನ ಮಾಡ್ಬೇಡ. ಚಕ್ರ ಎತ್ತು. ಅಷ್ಟಲ್ಲ! ತಳ್ಳಬೇಡ, ದಾರಿ ತೋರಿಸು, ಅದೇ ಹೋಗುತ್ತೆ."

"ಸೂಜಿಗೆ ದಾರ ಪೋಣಿಸೋ ಹಾಗೆ," ಎಂದಳು ಸೊಸೆ.

"ಸೂಜಿ ಅಂತೆ ಸೂಜಿ," ಎಂದರು ಮಾವ. ಅಷ್ಟರಲ್ಲಿ ಅಚ್ಚು ಬಳೆಯನ್ನೂ ಚಕ್ರವನ್ನೂ ದಾಟಿ ಆಚೆ ತೋಳಿನಿಂದ ಮೂತಿ ಹೊರಹಾಕಿತ್ತು.

ಇನ್ನು ಚೈನಿನ ಅಡ್ಜಸ್ಟರುಗಳು. ತೋಳಿನ ತುದಿಯ ಉದ್ದ ಸಂದಿಯಲ್ಲಿ ಅಚ್ಚು ಹಿಂದೆ ಮುಂದೆ ಸರಿಯುತ್ತದೆ; ಎರಡೂ ಬದಿಯ ಅಡ್ಜಸ್ಟರಿನ ಬೋಲ್ಟು ತಿರುವಿ ಅದನ್ನು ಬೇಕಾದಲ್ಲಿಗೆ ಎಳೆಯಬೇಕು. ಎರಡು ಕಡೆಯೂ ಒಂದೇ ಸಮ ಇರಲಿ ಎಂದು ಕೂದಲೆಳೆಯವರು ತೋಳುಗಳ ಮೇಲೆ ಉಳಿಯಿಂದ ಸಣ್ಣ ಗೆರೆಗಳನ್ನು ಹೊಡೆದಿದ್ದರು. ಸೊಸೆ ಎಡದಲ್ಲೂ ಬಲದಲ್ಲೂ ನಡುವಿನ ಗೆರೆಗೆ ತಂದು ನಿಲ್ಲಿಸಿದಳು. ಮಾವ ಚಕ್ರ ತಿರುಗಿಸಿದರು. ಚೈನು ಓಡಿತು, ಆದರೆ ಸುಮ್ಮನೆ ಓಡಲಿಲ್ಲ. ಹಲ್ಲಿನ ಗಾಲಿಯ ಒಂದು ಮಗ್ಗುಲನ್ನು ಉಜ್ಜುತ್ತ ಕಿರಿಕಿರಿ ಎಂದಿತು.

"ಹಲ್ಲಿನ ಗಾಲಿ ಸರಿಯಿಲ್ಲ," ಎಂದರು ಮಾವ. ಬಿಚ್ಚಿ ಮತ್ತೆ ಕೂರಿಸಿದ್ದಾಯಿತು. ಕಿರಿಕಿರಿ. "ಚೈನೇ ಹಾಳು." ಚೈನು ಬದಲಿಸಿದ್ದಾಯಿತು. ಕಿರಿಕಿರಿ. ಆಮೇಲೆ ಬೇರಿಂಗಿಗೂ, ಬಳೆಗೂ, ಕೊನೆಗೆ ಶೆಡ್ಡಿನ ನೆಲಕ್ಕೂ ಬೈಗುಳ ಬಿತ್ತು. ಊಟದ ಹೊತ್ತು ಮೀರಿ ಹೋಯಿತು. ಹೊಲಿಯಬೇಕಿದ್ದ ಕೋಟು ಮುಂದಿನ ಕೋಣೆಯಲ್ಲಿ ಒಂಟಿ ತೋಳಿನಲ್ಲೇ ನೇತಾಡುತ್ತಿತ್ತು.

ಸೊಸೆ ಬೈಕಿನ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿದಳು. ಗಿರಾಕಿ ಕನ್ನಡಿಯ ಮುಂದೆ ನಿಂತಾಗ ಹೀಗೆಯೇ ಅವಳು ಅಂಚು ನೋಡುತ್ತಿದ್ದದ್ದು. ಚಕ್ರ ಸೊಟ್ಟಗಿತ್ತು. ಹೇಳಲೋ ಬೇಡವೋ ಎಂದು ಒಂದು ಕ್ಷಣ ತೂಗಿ, ಬಾಯಿಂದ ಹೇಳುವುದಕ್ಕಿಂತ ಅಳತೆಯೇ ಹೇಳಲಿ ಎಂದು ಕೊರಳಲ್ಲಿದ್ದ ಟೇಪು ತೆಗೆದಳು.

"ಅದು ಹಿಗ್ಗುತ್ತೆ. ಈ ಸರಳು ತಗೋ," ಎಂದರು ಮಾವ.

ಅವಳು ಎಡಬದಿಯಲ್ಲಿ ತೋಳು ಚೌಕಟ್ಟಿಗೆ ಸೇರುವ ಬೋಲ್ಟಿನ ನಟ್ಟನಡುವೆ ಸರಳಿನ ಒಂದು ತುದಿ ಇಟ್ಟು, ಅಚ್ಚಿನ ನಡುವಿಗೆ ಹಿಡಿದು, ಸರಳಿನ ಮೇಲೆ ಬೆರಳೊತ್ತಿದಳು. ಆ ಬೆರಳು ಸಡಿಲಿಸದೆ ಬಲಬದಿಗೆ ಬಂದು ಇಟ್ಟಳು. ಬೆರಳಿಗೂ ಅಚ್ಚಿನ ನಡುವಿಗೂ ಒಂದು ಅಕ್ಕಿಕಾಳಿನಷ್ಟು ಅಂತರ ಉಳಿಯಿತು.

"ಗೆರೆ ತಪ್ಪಿದೆ ಮಾವ."

"ಆ ಗೆರೆ ಹೊಡೆದಿದ್ದು ನಾನು."

"ಹೌದು," ಎಂದಳು.

ಅವರು ಬಗ್ಗಿ ಎಡದೋಳಿನ ಗೆರೆಗಳ ಮೇಲೆ ಉಗುರು ಆಡಿಸಿದರು. ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿದ್ದವು. ಬಲದೋಳಿನ ಮೇಲೆ ಆಡಿಸಿದರು. ಅಲ್ಲಿ ಒಂದು ಗೆರೆ ಇನ್ನೊಂದಕ್ಕೆ ಹತ್ತಿರ, ಒಂದು ದೂರ, ಒಂದರ ತುದಿ ಜಾರಿ ಬಾಲ ಬಿಟ್ಟಿತ್ತು. ಎಡದ್ದನ್ನು ಹೊಡೆದದ್ದು ಕೆಲಸ ನಿಲ್ಲುವ ಮೊದಲು, ಬಲದ್ದನ್ನು ನಿಂತದ್ದು ಮತ್ತೆ ಶುರುವಾದ ಮೇಲೆ. ಹೊಡೆಯುವಾಗ ಅವರಿಗೆ ಎರಡೂ ಒಂದೇ ಥರ ಕಂಡಿದ್ದವು. ಅವರು ಎದ್ದು ಹಿತ್ತಲಿನ ಮೆಟ್ಟಿಲ ಮೇಲೆ ಹೋಗಿ ಕೂತರು.

ಹೆಂಡತಿ ಚಹಾ ತಂದಳು. ಅವರು ಎರಡೂ ಕೈಯಲ್ಲಿ ಲೋಟ ಹಿಡಿದು, ಅದರೊಳಗೆ ನೋಡುತ್ತ ಕೇಳಿದರು:

"ನನ್ನ ಕೈ ನೋಡಿದೀಯಾ?"

"ನೋಡದೆ ಏನು? ಇಷ್ಟು ದಿನ ನಮ್ಮನ್ನ ಕುರುಡರು ಅಂದ್ಕೊಂಡಿದ್ರಾ?"

"ಯಾವಾಗಿಂದ ಗೊತ್ತು?"

"ಲೋಟ ಅರ್ಧಕ್ಕೆ ತುಂಬಿಸೋಕೆ ಶುರು ಮಾಡಿದಾಗಿಂದ. ಹಾಲು ಕಡಿಮೆ ಆಗಿದೆ ಅಂತ ನೀವೇ ರೇಗ್ತಿದ್ರಲ್ಲ."

ಅವರು ಲೋಟ ಪಕ್ಕಕ್ಕಿಟ್ಟರು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಕೈ ಎತ್ತಿ, ಅದು ನಡುಗುವುದನ್ನು ಕಂಡು ಹಾಗೇ ತೊಡೆಯ ಮೇಲೆ ಇಟ್ಟುಕೊಂಡರು. ಹೆಂಡತಿ ತನ್ನ ಸೆರಗಿನಲ್ಲಿ ಒರೆಸಿದಳು. "ನಾಳೆ ಡಾಕ್ಟರ ಹತ್ರ ಹೋಗೋಣ," ಎಂದಳು. ಅವರು ಚಳಿಯ ಮಾತು ತೆಗೆಯಲಿಲ್ಲ.

ಡಾಕ್ಟರು ಕಾಗದದ ಮೇಲೆ ಒಂದು ಸುರುಳಿ ಬಿಡಿಸಲು ಹೇಳಿದರಂತೆ. ಅದು ಬಾಡಿದ ಹೂವಿನ ಹಾಗೆ ಬಂತು ಎಂದು ಮನೆಗೆ ಬಂದು ತಾವೇ ಹೇಳಿದರು. ಮಾತ್ರೆಯಿಂದ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ ಎನ್ನುವುದು ಡಾಕ್ಟರ ಮಾತಿನ ಸಾರ. ಎರಡು ದಿನ ಶೆಡ್ಡಿನ ಬಾಗಿಲು ತೆರೆಯಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅವರು ಮುಂದಿನ ಕೋಣೆಯ ಹೊಸ್ತಿಲಲ್ಲಿ ನಿಂತು ಕೆಮ್ಮಿದರು. ಸೊಸೆ ಯಂತ್ರ ನಿಲ್ಲಿಸಿದಳು.

"ಬಿಡುವಾದಾಗ ಬಾ. ಆ ಗೆರೆಗಳನ್ನ ಅರ ಹಾಕಿ ಅಳಿಸಬೇಕು."

"ಬಲಗಡೇದು ಮಾತ್ರಾನಾ?"

ಅವರು ಯೋಚಿಸಿದರು. ಎಡದ ಗೆರೆಗಳು ಅವರ ಕೈಯಿಂದ ಸರಿಯಾಗಿ ಬಂದ ಕೊನೆಯ ಗೆರೆಗಳು. "ಎರಡೂ," ಎಂದರು. "ಒಂದು ಇದ್ದು ಒಂದು ಇಲ್ಲದಿದ್ರೆ ಮುಂದೆ ಯಾರೋ ಮೋಸ ಹೋಗ್ತಾರೆ. ಇನ್ಮೇಲೆ ಸರಳೇ ಅಳತೆ."

ಅವಳು ಅರ ಹಾಕಿದಳು. ಉಕ್ಕಿನ ಪುಡಿ ಬೆರಳಿಗೆ ಅಂಟಿತು. ಸರಳು ಹಿಡಿದು ಅಡ್ಜಸ್ಟರುಗಳನ್ನು ಒಂದೊಂದು ಚೂರು ತಿರುವಿ, ಎರಡು ಬದಿಯೂ ಒಂದಾದಾಗ ಚಕ್ರ ತಿರುಗಿಸಿದಳು. ಚೈನು ಹಲ್ಲುಗಳ ನಟ್ಟನಡುವೆ ಕೂತು, ಎಣ್ಣೆಯ ಮೇಲೆ ಎಣ್ಣೆ ಸುರಿದ ಹಾಗೆ ಓಡಿತು. ಆದರೆ ಕೆಳಗೆ ಜೋತು ಬಿದ್ದಂತೆ ಕಂಡದ್ದಕ್ಕೆ ಇನ್ನಷ್ಟು ಬಿಗಿ ಮಾಡಲು ಹೊರಟಳು.

"ಬೇಡ," ಎಂದು ಮಾವ ತಡೆದು, ದಿಮ್ಮಿ ಸರಿಸಲು ಹೇಳಿ, ಸೀಟಿನ ಮೇಲೆ ಹತ್ತಿ ಕೂತರು. ಅವರ ಎರಡೂ ಪಾದ ನೆಲದ ಮೇಲೆ ಪೂರ್ತಿ ಊರಿದವು. "ಈಗ ಚೈನು ಮುಟ್ಟು."

ಮುಟ್ಟಿದಳು. ಜೋತದ್ದು ಹೆಚ್ಚುಕಡಿಮೆ ಎಲ್ಲ ಹೋಗಿ, ಬೆರಳಿಗೆ ಸ್ವಲ್ಪವೇ ಆಡುತ್ತಿತ್ತು. "ಮನುಷ್ಯ ಕೂತಾಗ ಅದಾಗೇ ಬಿಗಿಯಾಗುತ್ತೆ. ಮೊದಲೇ ಬಿಗಿ ಮಾಡಿದ್ರೆ ಹಳ್ಳಕ್ಕೆ ಇಳಿದಾಗ ಹರಿಯುತ್ತೆ," ಎಂದರು. ಅಚ್ಚಿನ ನಟ್ಟು ಬಿಗಿದು ಪಿನ್ನು ಹಾಕಿಸಿದರು. ಆಮೇಲೆ ಇಳಿಯದೆ, ಹ್ಯಾಂಡಲಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದರು. ಕೈಯ ಜೊತೆ ಹ್ಯಾಂಡಲೂ ನಡುಗುತ್ತಿತ್ತು. ಕೊನೆಗೆ ಇಳಿದು, "ನೀನೂ ನನ್ನಷ್ಟೇ ಗಿಡ್ಡ. ಹತ್ತು," ಎಂದರು.

ಸೊಸೆಗೆ ಸ್ಕೂಟರು ಗೊತ್ತಿತ್ತು, ಗೇರು ಗೊತ್ತಿರಲಿಲ್ಲ. ಗೋದಾಮಿನ ಹಿಂದಿನ ಖಾಲಿ ಜಾಗದಲ್ಲಿ ಕಲಿತಳು. ಮಾವ ಹಿಂದೆ ಕೂತು, ಅವಳು ಕ್ಲಚ್ಚು ಬಿಟ್ಟಾಗಲೆಲ್ಲ "ಅಯ್ಯೋ ನನ್ನ ಎಂಜಿನ್ನು!" ಎಂದು ಅರಚುತ್ತಿದ್ದರು. "ಇನ್ನೊಂದು ಸಲ ಅಯ್ಯೋ ಅಂದ್ರೆ ನಡ್ಕೊಂಡು ಬರ್ಬೇಕಾಗುತ್ತೆ," ಎಂದು ಸೊಸೆ ಹೇಳಿದ ಮೇಲೆ ದನಿ ತಗ್ಗಿತು, ಅಯ್ಯೋ ನಿಲ್ಲಲಿಲ್ಲ.

ಕೈ ಪಳಗಿದ ಮೇಲೆ ಒಂದು ಸಂಜೆ ಇಬ್ಬರೂ ಬೀದಿಗೆ ಬಂದು ಮನೆಯ ಮುಂದೆ ನಿಲ್ಲಿಸಿದರು. ಹೆಂಡತಿ ಸೆರಗು ಬಿಗಿದುಕೊಂಡು ಗೇಟಿನಲ್ಲಿ ಸಿದ್ಧಳಾಗಿ ನಿಂತಿದ್ದಳು.

"ಇಳೀರಿ. ನಾನೇನು ಬರೀ ಸದ್ದು ಕೇಳೋಕೆ ಇದೀನಾ?"

ಅವರು ಇಳಿದರು. ಅತ್ತೆ ಸೊಸೆಯ ಸೊಂಟ ಹಿಡಿದು ಕೂತಳು, ಬೈಕು ಹೊರಟಿತು. ಕೂದಲೆಳೆಯವರು ಬೀದಿಯ ನಡುವೆ ಬಂದು ನಿಂತು, ತಮ್ಮ ಬೈಕು ಹೋಗುವುದನ್ನು ಮೊದಲ ಸಲ ಹಿಂದಿನಿಂದ ನೋಡಿದರು. ಹಿಂಚಕ್ರ ಮುಂಚಕ್ರದ ಜಾಡಿನಲ್ಲೇ ನೆಟ್ಟಗೆ ಉರುಳುತ್ತಿತ್ತು. ಎದುರುಮನೆಯ ಗಡಿಯಾರ ರಿಪೇರಿಯವನು ಹೊರಗೆ ಬಂದು, "ಹೇಗೆ ಓಡ್ತಿದೆ?" ಎಂದು ಕೇಳಿದ.

"ಗೇರು ಇನ್ನೂ ಒರಟಾಗಿ ಹಾಕ್ತಾಳೆ," ಎಂದರು ಅವರು, ಬೈಕು ಹೋದ ತಿರುವಿನಿಂದ ಕಣ್ಣು ಕೀಳದೆ.