ಬಾಣಂತಿ ಕೋಣೆಯ ಕೆಂಡ

ನಾನು ಮೊದಲ ಬಾಣಂತನಕ್ಕೆ ಸುಗಟೂರಿನ ತವರಿಗೆ ಬಂದಾಗ ಎಂಬತ್ತನೇ ಇಸವಿಯ ಆಸುಪಾಸು, ಧನುರ್ಮಾಸದ ಚಳಿ. ಸೌದೆ ಉಳಿಸುವುದರಲ್ಲಿ ಅಮ್ಮನನ್ನು ಮೀರಿಸುವವರು ಊರಲ್ಲಿರಲಿಲ್ಲ. ರೇಷ್ಮೆ ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನೆಲ್ಲ ಒಣಗಿಸಿ ನೀರೊಲೆಗೆ ಹಾಕುತ್ತಿದ್ದಳು. ಹಂಡೆ ನೀರು ಕಾದ ಮೇಲೆ ಅದೇ ಕೆಂಡವನ್ನು ಹಳೇ ಬಾಣಲೆಗೆ ಬಳಿದು ನನ್ನ ಮಂಚದ ಕೆಳಗೆ ತಂದಿಡುತ್ತಿದ್ದಳು. "ಒಂದೇ ಬೆಂಕೀಲಿ ಸ್ನಾನಾನೂ ಆಯ್ತು, ಕೋಣೇನೂ ಬೆಚ್ಚಗಾಯ್ತು, ನೋಡ್ಕೊ," ಅನ್ನುವಾಗ ಅವಳ ಜಂಬ ನೋಡಬೇಕಿತ್ತು.

ಬಾಣಂತಿಗೆ ಗಾಳಿ ಸೋಕಬಾರದೆಂದು ಕಿಟಕಿಗೆ ಗೋಣಿಚೀಲ ತುರುಕಿ, ಬಾಗಿಲು ಎಳೆದುಕೊಂಡು ಹುಳುಗಳಿಗೆ ಸೊಪ್ಪು ಹಾಕಲು ಹೋಗುತ್ತಿದ್ದಳು. ನನಗೋ ದಿನವೂ ತಲೆ ಸಿಡಿತ. ಹೇಳಿದರೆ, "ಹೆತ್ತೋರಿಗೆಲ್ಲ ತಲೆ ನೋಯ್ತದೆ ಕಣೇ, ನೀನೊಬ್ಬಳೇ ಏನು ಹೆತ್ತಿರೋದು?" ಅನ್ನುತ್ತಿದ್ದಳು. ನಾನು ಸಿಟ್ಟಿಗೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ.

ಅಂದು ಬೆಳಿಗ್ಗೆ ಅಮ್ಮ ನೀರೆರೆದು ಮಲಗಿಸಿ, ಕೆಂಡ ಇಟ್ಟುಹೋದ ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸಿತು. ಮಗು ಹಾಲಿಗೆ ಅಳುವ ಹೊತ್ತು ಮೀರಿತ್ತು, ಅಳಲಿಲ್ಲ. ತಿರುಗಿ ನೋಡಿದೆ. ಕೆನ್ನೆ ಕೆಂಪಗೆ, ಸೊಗಸಾಗಿ ನಿದ್ದೆ ಮಾಡುವ ಹಾಗಿತ್ತು. ಕೈ ಹಿಡಿದು ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಕೂಗಲು ದನಿಯೇ ಹೊರಡಲಿಲ್ಲ. ಏಳಲು ಹೋದರೆ ಕಾಲುಗಳು ನನ್ನವಲ್ಲ. ಮಗುವನ್ನು ಅವಚಿಕೊಂಡು ತೆವಳಿದೆ. ಎರಡು ಮಾರಿನ ಕೋಣೆ, ಬಾಗಿಲು ಮಾತ್ರ ಹತ್ತಿರ ಬರುತ್ತಲೇ ಇಲ್ಲ. ನಾನು ಸತ್ತರೂ ಸರಿ, ಇದನ್ನು ಹೊಸ್ತಿಲು ದಾಟಿಸಬೇಕು ಎಂಬುದಷ್ಟೇ ತಲೆಯಲ್ಲಿತ್ತು.

ಅಂಗಳದ ಬಿಸಿಲಿಗೆ ಬಂದು ಬಿದ್ದೆ. ಅಮ್ಮ ಸೊಪ್ಪಿನ ಬುಟ್ಟಿ ಬಿಟ್ಟು ಓಡಿ ಬಂದಳು. "ಹಸಿ ಮೈಯಲ್ಲಿ ಗಾಳೀಗೆ ಬಂದ್ಯಲ್ಲೇ," ಎಂದು ಬೈಯುತ್ತಲೇ ಮಗುವಿನ ಅಂಗಾಲು ಉಜ್ಜಿದಳು. ಎಷ್ಟು ಹೊತ್ತೋ ಕಾಣೆ. ಕೊನೆಗೆ ಅದು ಸಣ್ಣಗೆ ಕೆಮ್ಮಿ ಅತ್ತಿತು. ನಾನೂ ಅತ್ತೆ.

ಹೊರಗಿನ ಗಾಳಿಗೆ ನನ್ನ ತಲೆ ಸಿಡಿತವೂ ಇಳಿಯತೊಡಗಿತ್ತು. ನನಗೆ ಉಸಿರು ತಿರುಗಿದ ಮೇಲೆ ಬಾಯಿಗೆ ಬಂದದ್ದು ಅಂದೆ: "ಮುಚ್ಚಿದ ಕೋಣೇಲಿ ಉಸಿರು ಕಟ್ಟಿಸಿ ನಿನ್ನ ಕೆಂಡ ನನ್ನ ಮಗೂನ ತಿಂದುಬಿಡ್ತಿತ್ತು. ಇನ್ನೊಂದು ಸಲ ಒಳಗೆ ತಂದ್ರೆ ಎತ್ತಿ ಬಿಸಾಕ್ತೀನಿ." ಅಮ್ಮ ಮಗುವಿನ ಕೆನ್ನೆಯನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂತಳು.

"ನಿನಗಿಂತ ಮುಂಚೆ ಹುಟ್ಟಿದ್ದ ಕೂಸೂ ಹಿಂಗೇ ಕೆಂಪಗಿತ್ತು ಕಣೇ," ಅಂದಳು. "ದೃಷ್ಟಿ ತಾಕಿ ಹೋಯ್ತು ಅಂದ್ರು ಎಲ್ಲಾರೂ. ಒಳ್ಳೆ ನಿದ್ದೆ ಹತ್ತೈತೆ ಅಂತ ನಾನೇ ಕೆಂಡ ಒಳಗಿಟ್ಟು ಬಾಗಿಲು ಎಳ್ಕೊಂಡು ಹೋಗಿದ್ದೆ."