ಯಾವ ಓಣಿ?

ಸಿಂಧನೂರಿನಲ್ಲಿ ನಮ್ಮ ಎದುರುಮನೆಯಲ್ಲಿದ್ದ ನಿವೃತ್ತ ಮಾಸ್ತರು ಮೈಕು ಕಂಡರೆ ಸುಮ್ಮನಿರುತ್ತಿರಲಿಲ್ಲ. ಯಾವ ಜಯಂತಿಯಾದರೂ ಸರಿ, ಹಣೆ ತುಂಬ ವಿಭೂತಿ, ಎದೆಯ ಮೇಲೆ ಅಂಗೈ, ಅದೇ ಮಾತು: "ಬುದ್ಧ, ಶರಣರು ನಮ್ಮ ರಕ್ತದಾಗ ಅದಾರ್ರೀ!" ಆ ರಕ್ತವನ್ನು ಯಾರೂ ಪರೀಕ್ಷೆ ಮಾಡಿಸಿರಲಿಲ್ಲ.

ಅವರ ಮಹಡಿಯ ಮನೆ ಖಾಲಿಯಿತ್ತು. ನಮ್ಮ ಬ್ಯಾಂಕಿಗೆ ಹೊಸದಾಗಿ ಬಂದಿದ್ದ ಗೆಳೆಯನನ್ನು ಕರೆದುಕೊಂಡು ಹೋದೆ. ಮಾಸ್ತರು ಚಹಾ ತರಿಸಿ ಕೇಳಿದರು, "ಊರು ಯಾವುದ್ರಿ?"

"ಸಾಲಗುಂದ ರೀ."

"ಚಲೋ ಊರು. ಅಲ್ಲಿ ಯಾವ ಓಣಿ?"

ಜಾತಿ ಕೇಳುವುದು ಅವರ ತತ್ತ್ವಕ್ಕೆ ವಿರುದ್ಧ. ಓಣಿ ಕೇಳಲು ಅಡ್ಡಿಯಿಲ್ಲವಲ್ಲ. ಗೆಳೆಯ ಮುಚ್ಚುಮರೆಯಿಲ್ಲದೆ ತನ್ನ ಕೇರಿಯ ಹೆಸರು ಹೇಳಿದ. ಮಾಸ್ತರಿಗೆ ಆಗಲೇ ನೆನಪಾಯಿತು: "ಅಯ್ಯೋ, ಮಸ್ಕಿಯವರಿಗೆ ಮಾತು ಕೊಟ್ಟೀನಲ್ರೀ!"

ಎಷ್ಟೋ ತಿಂಗಳಾದರೂ ಮಸ್ಕಿಯವರು ಬರಲಿಲ್ಲ. ಬುದ್ಧ ಜಯಂತಿ ಮಾತ್ರ ಬಂತು. ಸಭೆಯಲ್ಲಿ ಕುಳಿತಿದ್ದ ಗೆಳೆಯನನ್ನು ಮಾಸ್ತರು ವೇದಿಕೆಗೆ ಕರೆದು ಬಿಗಿದಪ್ಪಿಕೊಂಡರು. "ನೋಡ್ರಿ, ಇವ್ರು ನಮ್ಮೋರು!" ಚಪ್ಪಾಳೆ ಬಿತ್ತು.

ಗೆಳೆಯ ಮೈಕಿನಲ್ಲೇ ಕೇಳಿದ, "ಸರ್, ಮಸ್ಕಿಯವರು ಮನಿಗೆ ಬಂದ್ರೇನ್ರಿ?"

ಮಾಸ್ತರ ಮುಖ ಕಪ್ಪಿಟ್ಟಿತು. ಅಪ್ಪುಗೆ ಮಾತ್ರ ಸಡಿಲಾಗಲಿಲ್ಲ. ಫೋಟೋದವನು ಇನ್ನೂ ಕ್ಯಾಮೆರಾ ಎತ್ತಿರಲಿಲ್ಲ.